ಅಪ್ಪನಿಗೆ ಸ್ಟೆಂಟ್ ಹಾಕಿಸಬೇಕಾ, ಬೇಡವಾ? ಡಾಕ್ಟರ್ ಹತ್ತಿರ ಕೂತು ಹೇಗೆ ತೀರ್ಮಾನ ಮಾಡೋದು?

ತೋಟದ_ದಾರಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಹೇಳಿ.

ಅಪ್ಪನಿಗೆ 68 ವರ್ಷ. ತೀರ್ಥಹಳ್ಳಿ ಕಡೆ ಊರು, ಅಡಿಕೆ ತೋಟ ಇದೆ. ಶುಗರ್ ಇಲ್ಲ, ಬಿಪಿಗೆ ಮಾತ್ರೆ ನುಂಗುತ್ತಾರೆ. ಈ ಸಲ ಮಳೆ ಕಡಿಮೆಯಾದ ಮೇಲೆ, ತೋಟದಿಂದ ಮನೆಗೆ ಏರು ಹತ್ತಿ ಬರುವಾಗ ಎದೆ ಬಿಗಿ ಹಿಡಿದ ಹಾಗೆ ಆಗುತ್ತದೆ, ಸ್ವಲ್ಪ ಹೊತ್ತು ನಿಂತರೆ ಹೋಗುತ್ತದೆ ಅಂತ ಅಮ್ಮನ ಹತ್ತಿರ ಹೇಳಿದ್ದರು. ಕೂತಾಗ, ಮಲಗಿದಾಗ ಏನೂ ಇಲ್ಲ. ವಾರಕ್ಕೆ ಒಂದೆರಡು ಸಲ ಅಷ್ಟೇ. ಇಸಿಜಿ, ಎಕೋ ಮಾಡಿಸಿದೆವು, ಹೃದಯದ ಪಂಪಿಂಗ್ ಚೆನ್ನಾಗಿದೆ ಎಂದರು. ಟ್ರೆಡ್‌ಮಿಲ್ ಟೆಸ್ಟ್ ಪಾಸಿಟಿವ್ ಬಂತು. ಆಂಜಿಯೋಗ್ರಾಮ್‌ಗೆ, ಅಂದರೆ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆಯಾ ಎಂದು ನೋಡುವ ಪರೀಕ್ಷೆಗೆ, ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು.

ಅಪ್ಪ ಇನ್ನೂ ಆ ಪರೀಕ್ಷೆ ಮಾಡುವ ಕ್ಯಾತ್ ಲ್ಯಾಬ್ ಟೇಬಲ್ ಮೇಲೆ ಇರುವಾಗಲೇ ಒಬ್ಬರು ಹೊರಗೆ ಬಂದು, ಬಲಗಡೆಯ ರಕ್ತನಾಳದಲ್ಲಿ 80% ಬ್ಲಾಕ್ ಇದೆ, ಈಗಲೇ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಬಿಡುತ್ತೇವೆ, ಸೈನ್ ಮಾಡಿ ಎಂದು ಒಂದು ಫಾರಂ ಮುಂದಿಟ್ಟರು. ಪೂರ್ತಿ ಇಂಗ್ಲಿಷ್. ಅಣ್ಣ ಪೆನ್ ತೆಗೆದ. ನಾನು "ಇವತ್ತೇ ಹಾಕದಿದ್ದರೆ ಪ್ರಾಣಕ್ಕೆ ಅಪಾಯವಾ?" ಎಂದು ಕೇಳಿದೆ. "ಯಾವಾಗ ಏನಾಗುತ್ತದೆ ಅಂತ ಹೇಳಲಿಕ್ಕಾಗಲ್ಲ, ರಿಸ್ಕ್ ನಿಮ್ಮದು" ಎಂದರು. ಅಪ್ಪನಿಗೆ ಗೊತ್ತಿಲ್ಲದೆ ಸೈನ್ ಹಾಕುವುದಿಲ್ಲ ಎಂದು ನಾನು ಹಟ ಹಿಡಿದೆ. ಮಾರನೆಯ ದಿನ ಮಾತ್ರೆ ಬರೆದು ಡಿಸ್ಚಾರ್ಜ್ ಮಾಡಿದರು.

ಈಗ ಮನೆಯಲ್ಲಿ ನಾನೇ ಅಪರಾಧಿ. ಅಣ್ಣ ಮಾತು ಬಿಟ್ಟಿದ್ದಾನೆ. ದೊಡ್ಡಪ್ಪ, ಚಿಕ್ಕಮ್ಮ ಎಲ್ಲರೂ ಫೋನ್ ಮಾಡಿ ದುಡ್ಡಿಗೆ ಲೆಕ್ಕ ಹಾಕಿದೆಯಾ ಎಂದು ಕೇಳುತ್ತಿದ್ದಾರೆ. ಅಪ್ಪನನ್ನು ಕೇಳಿದರೆ "ಡಾಕ್ಟ್ರು ಹೇಳಿದ ಹಾಗೆ ಮಾಡಿ, ನನಗೇನು ಗೊತ್ತಾಗುತ್ತೆ" ಎನ್ನುತ್ತಾರೆ. ಅವರಿಗೆ 80% ಅಂತ ಹೇಳಿಯೇ ಇಲ್ಲ, ಹೆದರುತ್ತಾರೆ ಅಂತ ಅಣ್ಣ "ಸಣ್ಣ ತೊಂದರೆ" ಎಂದಿದ್ದಾನೆ.

ಸ್ಟೆಂಟ್ ಇಷ್ಟು ಅರ್ಜೆಂಟಾ? ಡಾಕ್ಟರ್ ಹತ್ತಿರ ಮತ್ತೆ ಹೋಗಿ ಏನು ಕೇಳಬೇಕು? ಅವರಿಗೆ ಬೇಜಾರಾಗದ ಹಾಗೆ ಹೇಗೆ ಕೇಳಬೇಕು? ಅಪ್ಪನಿಗೆ ಎಲ್ಲಾ ಹೇಳಬೇಕಾ?

—

ಹಳ್ಳಿ_ಹೃದ್ರೋಗ_ವೈದ್ಯ:

ನಾನು ಹೃದ್ರೋಗ ವಿಭಾಗದಲ್ಲೇ ಕೆಲಸ ಮಾಡುವವನು. ನಿಮ್ಮ ಅಪ್ಪನ ಆಂಜಿಯೋಗ್ರಾಮ್ ಸಿಡಿ ನೋಡದೆ ಸ್ಟೆಂಟ್ ಬೇಕು, ಬೇಡ ಎಂದು ನಾನು ಹೇಳುವುದಿಲ್ಲ, ಇಲ್ಲಿ ಯಾರೂ ಹೇಳಬಾರದು. ಆದರೆ ನಿಮ್ಮ ಪ್ರಶ್ನೆ ಸರಿಯಾದ ಪ್ರಶ್ನೆ, ಅದಕ್ಕೆ ಉತ್ತರ ಪಡೆಯುವ ಹಕ್ಕು ನಿಮ್ಮ ಅಪ್ಪನಿಗೆ ಇದೆ.

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಸ್ಟೆಂಟ್ ಹಾಕುವುದು ಒಂದು. ಅದು ಜೀವ ಉಳಿಸುತ್ತದೆ, ಅಲ್ಲಿ ಚರ್ಚೆಗೆ ಟೈಮ್ ಇಲ್ಲ, ಒಂದೊಂದು ನಿಮಿಷವೂ ಲೆಕ್ಕ. ನಡೆದಾಗ ಮಾತ್ರ ಬಿಗಿತ ಬಂದು ನಿಂತರೆ ಹೋಗುವ, ತಿಂಗಳಿಂದ ಒಂದೇ ತರ ಇರುವ ನೋವಿಗೆ ಸ್ಟೆಂಟ್ ಹಾಕುವುದು ಇನ್ನೊಂದು. ನಾವು ಇದನ್ನು ಸ್ಟೇಬಲ್ ಆಂಜೈನಾ ಎನ್ನುತ್ತೇವೆ. ಎರಡಕ್ಕೂ ಅದೇ ಆಪರೇಷನ್, ಅದೇ ಸ್ಟೆಂಟ್. ಅದಕ್ಕೇ ಜನಕ್ಕೆ ಎರಡೂ ಒಂದೇ ಅನ್ನಿಸುತ್ತದೆ.

ಎರಡನೆಯದರ ಬಗ್ಗೆ ದೊಡ್ಡ ಅಧ್ಯಯನಗಳು ಆಗಿವೆ. 2007ರಲ್ಲಿ ಕರೇಜ್ ಎಂಬುದು ಬಂತು, 2287 ರೋಗಿಗಳು. 2020ರಲ್ಲಿ ಇಸ್ಕೀಮಿಯಾ ಎಂಬುದು ಪ್ರಕಟವಾಯಿತು, 37 ದೇಶಗಳ 5179 ಜನ, ಅದರಲ್ಲಿ ಭಾರತದವರೂ ಇದ್ದರು. ಇಸ್ಕೀಮಿಯಾದಲ್ಲಿ ಅರ್ಧ ಜನಕ್ಕೆ ಮಾತ್ರೆ ಜೊತೆಗೆ ಮೊದಲೇ ಆಂಜಿಯೋಗ್ರಾಮ್, ಬೇಕಾದರೆ ಸ್ಟೆಂಟ್ ಅಥವಾ ಬೈಪಾಸ್. ಇನ್ನರ್ಧ ಜನಕ್ಕೆ ಮೊದಲು ಮಾತ್ರೆ, ಸಾಲದಿದ್ದರೆ ಮಾತ್ರ ಉಳಿದದ್ದು. ಸುಮಾರು ಮೂರು ವರ್ಷ ನೋಡಿದಾಗ ಸಾವಿನಲ್ಲೂ, ಒಟ್ಟು ಹಾರ್ಟ್ ಅಟ್ಯಾಕ್‌ಗಳಲ್ಲೂ ಎರಡು ಗುಂಪಿನ ನಡುವೆ ಹೇಳುವಂಥ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಕಂಡದ್ದು ನೋವಿನಲ್ಲಿ. ಪ್ರತಿದಿನ ಅಥವಾ ಪ್ರತಿವಾರ ನೋವು ಬರುತ್ತಿದ್ದವರಲ್ಲಿ ಒಂದು ವರ್ಷದ ಹೊತ್ತಿಗೆ ಮೊದಲ ಗುಂಪಿನ ಸುಮಾರು 50% ಜನಕ್ಕೆ ನೋವು ಪೂರ್ತಿ ಹೋಗಿತ್ತು, ಮಾತ್ರೆಯ ಗುಂಪಿನಲ್ಲಿ 20% ಜನಕ್ಕೆ. ಮಾತ್ರೆಯಲ್ಲಿ ಶುರು ಮಾಡಿದವರಲ್ಲೂ ನಾಲ್ಕು ವರ್ಷದೊಳಗೆ ಐವರಲ್ಲಿ ಒಬ್ಬರಿಗೆ ಸ್ಟೆಂಟ್ ಅಥವಾ ಬೈಪಾಸ್ ಆಯಿತು.

ಬ್ಲಾಕ್ ತೆಗೆದರೆ ಅಟ್ಯಾಕ್ ಯಾಕೆ ತಪ್ಪಲ್ಲ ಅಂತ ಎಲ್ಲರೂ ಕೇಳುತ್ತಾರೆ. ರಕ್ತನಾಳ ಅಂದರೆ ಕಸ ಕಟ್ಟಿಕೊಂಡ ನೀರಿನ ಪೈಪ್ ಎಂದುಕೊಂಡರೆ ಇದು ಅರ್ಥ ಆಗುವುದಿಲ್ಲ. ಎಷ್ಟೋ ಅಟ್ಯಾಕ್ ಆಗುವುದು 80% ಇರುವ ಜಾಗದಲ್ಲಲ್ಲ, 30-40% ಇರುವ, ನೋವೇ ಕೊಡದ ಜಾಗದಲ್ಲಿ ಕೊಬ್ಬಿನ ಪದರ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಸ್ಟೆಂಟ್ ಒಂದು ಜಾಗ ಸರಿ ಮಾಡುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಆಸ್ಪಿರಿನ್, ಬಿಪಿ ಹಿಡಿತದಲ್ಲಿ ಇಡುವುದು, ಬೀಡಿ ಸಿಗರೇಟು ಬಿಡುವುದು, ಇವು ಎಲ್ಲಾ ರಕ್ತನಾಳಕ್ಕೂ ಕೆಲಸ ಮಾಡುತ್ತವೆ. ಸ್ಟೆಂಟ್ ಹಾಕಿಸಿಕೊಂಡು ಮಾತ್ರೆ ಬಿಡುವವರನ್ನು ನೋಡಿದರೆ ನನಗೆ ನಿಜವಾಗಲೂ ಭಯ ಆಗುತ್ತದೆ.

ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಎಡಗಡೆಯ ಮುಖ್ಯ ನಾಳ, ಅಂದರೆ ಲೆಫ್ಟ್ ಮೇನ್, ಅದರಲ್ಲಿ ಬ್ಲಾಕ್ ಇದ್ದವರು, ಪಂಪಿಂಗ್ ತುಂಬಾ ಇಳಿದವರು, ಇತ್ತೀಚೆಗೆ ಅಟ್ಯಾಕ್ ಆದವರು, ಮಾತ್ರೆ ತೆಗೆದುಕೊಂಡರೂ ನೋವು ತಡೆಯಲಾಗದವರು ಇಸ್ಕೀಮಿಯಾ ಅಧ್ಯಯನದಲ್ಲಿ ಇರಲಿಲ್ಲ. ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ: "ಸರ್, ಇವರಿಗೆ ಲೆಫ್ಟ್ ಮೇನ್ ಸರಿ ಇದೆಯಾ? ಇದು ಸ್ಟೇಬಲ್ ಅಂತ ನೀವು ಹೇಳುತ್ತೀರಾ?" ಹೌದು ಎಂದರೆ ಯೋಚಿಸಲು ಟೈಮ್ ಇದೆ ಎಂದು ಅರ್ಥ.

—

ಬೆಣ್ಣೆದೋಸೆ_ಊರು:

ನನ್ನದು ಬೇರೆ ಅಭಿಪ್ರಾಯ. ಡಾಕ್ಟರ್ ಹತ್ತು ವರ್ಷ ಓದಿರುತ್ತಾರೆ, ನಾವು ಫೋನಲ್ಲಿ ಎರಡು ವಿಡಿಯೋ ನೋಡಿ ಅವರಿಗೆ ಪಾಠ ಹೇಳುವುದು ಸರಿಯಲ್ಲ. ನಮ್ಮ ಅಮ್ಮನಿಗೂ ಇದೇ ತರ ಆಯಿತು, ಸ್ಟೆಂಟ್ ಹಾಕಿಸಿದೆವು, ಈಗ ಆರಾಮಾಗಿದ್ದಾರೆ. ಎರಡು ಮಹಡಿ ಹತ್ತಿ ಒಗೆದ ಬಟ್ಟೆ ಒಣಹಾಕುತ್ತಾರೆ. ಮಾತ್ರೆಯಲ್ಲಿ ಅವರಿಗೆ ತಲೆಸುತ್ತು, ಸುಸ್ತು, ನಾಲ್ಕು ಹೆಜ್ಜೆ ಇಟ್ಟರೆ ಮತ್ತೆ ನೋವು. ಸುಮ್ನೆ ಮುಂದೂಡಿ ಆಮೇಲೆ ಏನಾದರೂ ಆದರೆ ನಿಮ್ಮ ಜೀವನ ಪೂರ್ತಿ ಕೊರಗು ಉಳಿಯುತ್ತದೆ. ಅಣ್ಣನ ಕಷ್ಟವೂ ಅರ್ಥ ಮಾಡಿಕೊಳ್ಳಿ.

—

ಹಳ್ಳಿ_ಹೃದ್ರೋಗ_ವೈದ್ಯ:

ನಿಮ್ಮ ತಾಯಿಯವರ ವಿಷಯದಲ್ಲಿ ಒಳ್ಳೆಯ ತೀರ್ಮಾನವೇ ಆಗಿದೆ. ಮಾತ್ರೆ ಒಗ್ಗಲಿಲ್ಲ, ನೋವು ದಿನದ ಕೆಲಸ ನಿಲ್ಲಿಸಿತ್ತು, ಅಂಥವರಿಗೆ ಸ್ಟೆಂಟ್ ತುಂಬಾ ನೆಮ್ಮದಿ ಕೊಡುತ್ತದೆ. ನಾನು ಸ್ಟೆಂಟ್ ಬೇಡ ಎನ್ನುತ್ತಿಲ್ಲ. ಯಾತಕ್ಕೆ ಹಾಕಿಸಿಕೊಳ್ಳುತ್ತಿದ್ದೇನೆ ಎಂಬುದು ಹಾಕಿಸಿಕೊಳ್ಳುವವರಿಗೆ ಗೊತ್ತಿರಲಿ ಎನ್ನುತ್ತಿದ್ದೇನೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಇಂಥ ಸ್ಟೇಬಲ್ ರೋಗಿಗಳನ್ನೇ ಕೇಳಿದ್ದರು. 88% ಜನ ಇದರಿಂದ ಹಾರ್ಟ್ ಅಟ್ಯಾಕ್ ಅಪಾಯ ಕಡಿಮೆಯಾಗುತ್ತದೆ ಎಂದು ನಂಬಿದ್ದರು. ಅವರ ಡಾಕ್ಟರುಗಳಲ್ಲಿ ಹೆಚ್ಚಿನವರು ಹಾಗೆ ನಂಬಿರಲಿಲ್ಲ, ಲಾಭ ನೋವು ಕಡಿಮೆಯಾಗುವುದಷ್ಟೇ ಎಂದಿದ್ದರು. ಒಂದೇ ಕೋಣೆಯಲ್ಲಿ ಕೂತು ಮಾತಾಡಿದವರು ಬೇರೆ ಬೇರೆ ಕಾರಣಕ್ಕೆ ಒಂದೇ ಫಾರಂಗೆ ಸೈನ್ ಹಾಕಿದ್ದಾರೆ, ಅಲ್ವಾ? ಇದು ರೋಗಿಯ ತಪ್ಪಲ್ಲ. ನಮ್ಮ ಕಡೆಯಿಂದ ಮಾತು ಸಾಲದೆ ಹೋದದ್ದು.

—

ವಾರ್ಡ್_ಸಿಸ್ಟರ್:

ನಾನು ಸ್ಟಾಫ್ ನರ್ಸ್, ಹೆಚ್ಚು ಕೆಲಸ ಮಾಡಿದ್ದು ಕಾರ್ಡಿಯಾಕ್ ವಾರ್ಡ್‌ನಲ್ಲೇ. ನೀವು ಬರೆದದ್ದರಲ್ಲಿ ನನಗೆ ಕಾಡಿದ್ದು ಸ್ಟೆಂಟ್ ಅಲ್ಲ, "ಅವರಿಗೆ ಹೇಳಿಯೇ ಇಲ್ಲ" ಎಂಬ ಮಾತು.

ದಿನಾ ನೋಡುತ್ತೇವೆ. ರೋಗಿ ಹಾಸಿಗೆ ಮೇಲೆ ಕೂತಿರುತ್ತಾರೆ, ಡಾಕ್ಟರ್ ರೌಂಡ್ಸ್‌ಗೆ ಬರುತ್ತಾರೆ, ಮಗನೋ ಅಳಿಯನೋ ಕಣ್ಸನ್ನೆ ಮಾಡಿ ಡಾಕ್ಟರನ್ನು ಹೊರಗೆ ಕರೆಯುತ್ತಾರೆ. ಕಾರಿಡಾರ್‌ನಲ್ಲಿ ಮಾತು ಮುಗಿಯುತ್ತದೆ. ಒಳಗಿರುವವರು ಬಾಗಿಲನ್ನೇ ನೋಡುತ್ತಾ ಕೂತಿರುತ್ತಾರೆ. ರಾತ್ರಿ ಬಿಪಿ ನೋಡಲು ಹೋದಾಗ ನಮ್ಮನ್ನು ಕೇಳುತ್ತಾರೆ, "ಸಿಸ್ಟರ್, ನಿಜ ಹೇಳಿ, ನನಗೆ ಏನಾಗಿದೆ?" ಹೇಳದೆ ಇದ್ದರೆ ಹೆದರಿಕೆ ಕಡಿಮೆ ಆಗುವುದಿಲ್ಲ, ಒಬ್ಬರೇ ಹೆದರಬೇಕಾಗುತ್ತದೆ ಅಷ್ಟೇ.

"ಡಾಕ್ಟ್ರು ಹೇಳಿದ ಹಾಗೆ" ಅಂತ ನಿಮ್ಮ ಅಪ್ಪ ಹೇಳುತ್ತಿರುವುದು ತೀರ್ಮಾನ ಅಲ್ಲ. ಅವರ ಮುಂದೆ ಯಾರೂ ಎರಡು ದಾರಿ ಇಟ್ಟಿಲ್ಲ, ಇನ್ನೇನು ಹೇಳುತ್ತಾರೆ? ಅವರನ್ನು ಸ್ಟೆಂಟ್ ಬೇಕಾ ಅಂತ ಕೇಳಬೇಡಿ. ಬೇರೆ ತರ ಕೇಳಿ. ಯಾವ ಕೆಲಸ ಮಾಡಲಿಕ್ಕೆ ಆಗದೆ ಬೇಜಾರಾಗಿದೆ? ಮಾತ್ರೆ ಜಾಸ್ತಿ ಆದರೆ ಪರವಾಗಿಲ್ಲವಾ? ಆಸ್ಪತ್ರೆ ಅಂದರೆ ಎಷ್ಟು ಹೆದರಿಕೆ? ಇದಕ್ಕೆ ಉತ್ತರ ಯಾವ ಸ್ಕ್ಯಾನ್‌ನಲ್ಲೂ ಬರುವುದಿಲ್ಲ, ಅವರ ಬಾಯಿಂದಲೇ ಬರಬೇಕು. ಅದನ್ನು ಡಾಕ್ಟರ್‌ಗೆ ಹೇಳಿ. ಹೆಚ್ಚಿನ ಡಾಕ್ಟರುಗಳಿಗೆ ಇದನ್ನು ಕೇಳಲು ಟೈಮ್ ಸಿಗುವುದಿಲ್ಲ, ನೀವಾಗೇ ಹೇಳಿದರೆ ಖಂಡಿತ ಕೇಳಿಸಿಕೊಳ್ಳುತ್ತಾರೆ.

ಹೋಗುವಾಗ ಆಂಜಿಯೋಗ್ರಾಮ್ ಸಿಡಿ, ಡಿಸ್ಚಾರ್ಜ್ ಸಮರಿ, ಈಗ ನುಂಗುತ್ತಿರುವ ಎಲ್ಲಾ ಮಾತ್ರೆ ಪಟ್ಟಿ ಸಮೇತ ಹೋಗಿ. ನಾಟಿ ಔಷಧಿ, ಕಷಾಯ ಇದ್ದರೂ ಹೇಳಿ, ಮುಚ್ಚಿಡಬೇಡಿ. ಬೇರೆ ಯಾವುದಾದರೂ ಆಪರೇಷನ್ ಮಾಡಿಸುವುದು ಇದೆಯಾ ಎಂಬುದನ್ನು ಮರೆಯದೆ ಹೇಳಿ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಿರಲು ಎರಡು ಮಾತ್ರೆ ಒಟ್ಟಿಗೆ ಕೊಡುತ್ತಾರೆ, ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ತರದ್ದು. ಇಂಥ ಸ್ಟೇಬಲ್ ಕೇಸಿನಲ್ಲಿ ಸಾಮಾನ್ಯವಾಗಿ ಆರು ತಿಂಗಳು. ಮಧ್ಯದಲ್ಲಿ ಬೇರೆ ಆಪರೇಷನ್ ಬಂದರೆ ಮಾತ್ರೆ ನಿಲ್ಲಿಸಿದರೂ ಕಷ್ಟ, ಮುಂದುವರಿಸಿದರೂ ಕಷ್ಟ.

ಇನ್ನೊಂದು. ಡಾಕ್ಟರ್ ಹೇಳಿ ಮುಗಿಸಿದ ಮೇಲೆ ಅಪ್ಪನೇ ಅದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಲಿ. "ಅಂದರೆ ಡಾಕ್ಟ್ರೇ, ನೀವು ಹೇಳಿದ್ದು ಹೀಗಾ?" ಅಂತ. ತಪ್ಪು ತಿಳಿದುಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ನಾವು ಡಿಸ್ಚಾರ್ಜ್ ದಿನ ಇನ್ಸುಲಿನ್ ಕಲಿಸುವಾಗ ಹೀಗೇ ಮಾಡುತ್ತೇವೆ.

—

ಕೋರ್ಟು_ಕಾಗದ:

ಸೈನ್ ವಿಷಯಕ್ಕೆ ಬರುತ್ತೇನೆ. ವಕೀಲ ನಾನು, ಆಸ್ಪತ್ರೆ ಕಡೆಯಿಂದಲೂ ರೋಗಿ ಕಡೆಯಿಂದಲೂ ಕೇಸ್ ನೋಡಿದ್ದೇನೆ.

2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. 44 ವರ್ಷದ ಮಹಿಳೆ, ಲ್ಯಾಪರೋಸ್ಕೋಪಿ ಮಾಡಿ, ಅಂದರೆ ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ, ಏನಿದೆ ಎಂದು ನೋಡಲು ಅನಸ್ತೇಷಿಯಾ ಕೊಟ್ಟಿದ್ದರು. ಒಳಗೆ ನೋಡಿದ ಮೇಲೆ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಕೋರ್ಟ್ ಹೇಳಿದ್ದು ಸ್ಪಷ್ಟ: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಅಲ್ಲ. ರೋಗಿ ವಯಸ್ಕರು, ಯೋಚಿಸುವ ಶಕ್ತಿ ಇರುವವರು, ಆಗಲೇ ಮಾಡದಿದ್ದರೆ ಜೀವಕ್ಕೆ ಅಪಾಯ ಎನ್ನುವ ಸ್ಥಿತಿ ಇಲ್ಲ ಎಂದಾದರೆ ಅವರಿಗೆ ಎಚ್ಚರ ಆಗುವ ತನಕ ಕಾಯಬೇಕು, ತಾಯಿ ಒಪ್ಪಿದರೆ ಸಾಲದು. ಚಿಕಿತ್ಸೆ ಏನು, ಲಾಭ ಏನು, ಅಪಾಯ ಏನು, ಬೇರೆ ದಾರಿ ಇದೆಯಾ, ಬೇಡ ಎಂದರೆ ಏನಾಗುತ್ತದೆ, ಇಷ್ಟನ್ನೂ ಹೇಳಿ ಒಪ್ಪಿಗೆ ಪಡೆಯಬೇಕು.

ಪರೀಕ್ಷೆ, ಚಿಕಿತ್ಸೆ ಎರಡಕ್ಕೂ ಮೊದಲೇ ಸೇರಿಸಿ ಒಪ್ಪಿಗೆ ತೆಗೆದುಕೊಳ್ಳಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ಆದ್ದರಿಂದ ಆಂಜಿಯೋಗ್ರಾಮ್‌ಗೆ ಮುಂಚೆ ಸಹಿ ಹಾಕಿದ ಕಾಗದದಲ್ಲಿ ಏನಿತ್ತು ನೋಡಿ. ಆಂಜಿಯೋಗ್ರಾಮ್‌ನಲ್ಲಿ ಎಚ್ಚರ ತಪ್ಪಿಸುವುದಿಲ್ಲ, ನಿಮ್ಮ ಅಪ್ಪ ಟೇಬಲ್ ಮೇಲೆ ಎಚ್ಚರವಾಗೇ ಇದ್ದರು. ಅವರನ್ನು ಬಿಟ್ಟು ಹೊರಗೆ ಮಕ್ಕಳನ್ನು ಕೇಳಬೇಕಾದ ಅಗತ್ಯವೇ ಇರಲಿಲ್ಲ. ನೀವು ಸೈನ್ ಹಾಕದೆ ನಿಂತದ್ದು ಅಪರಾಧ ಅಲ್ಲವೇ ಅಲ್ಲ.

ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಕೇಳಬೇಕೆಂದರೆ ದಾಖಲೆ ಬೇಕು. ಬರೆದು ಕೊಟ್ಟು ಕೇಳಿ. ವೈದ್ಯರ ನಡವಳಿಕೆ ಬಗ್ಗೆ 2002ರ ನಿಯಮದಲ್ಲಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದಿದೆ. ಜಗಳ ಮಾಡಬೇಕಿಲ್ಲ, ಒಂದು ಅರ್ಜಿ ಸಾಕು.

ದುಡ್ಡಿನ ಬಗ್ಗೆಯೂ ಒಂದು ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸ್ಟೆಂಟ್ ಬೆಲೆಗೂ 2017ರ ಫೆಬ್ರವರಿಯಿಂದ ಸರ್ಕಾರದ ಮಿತಿ ಇದೆ. ಖರ್ಚು ಎಷ್ಟು, ಯಾವುದರಲ್ಲಿ ಬರುತ್ತದೆ ಅಂತ ಮೊದಲೇ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ತೋಟ ಅಡ ಇಟ್ಟು ಸ್ಟೆಂಟ್ ಹಾಕಿಸಿ ಆಮೇಲೆ ತಿಂಗಳ ಮಾತ್ರೆಗೆ ದುಡ್ಡಿಲ್ಲ ಎಂದಾದರೆ ಯಾರಿಗೆ ಒಳ್ಳೆಯದು? ನಿಮ್ಮ ನೆಂಟರು ಏನೇ ಹೇಳಲಿ, ದುಡ್ಡೂ ಈ ಮಾತಿನ ಒಂದು ಭಾಗವೇ.

—

ಸಾಗರ_ಸೀಮೆ:

ನನಗೇ ಇದು ಆದದ್ದು. ವಯಸ್ಸು 61. ನಾನು ಮಾತ್ರೆಯಲ್ಲೇ ಇದ್ದೇನೆ, ಎದೆ ಬಿಗಿತ ಬಹಳ ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಊಟ ಆದ ತಕ್ಷಣ ನಡೆಯುವುದಿಲ್ಲ, ಚಳಿಯಲ್ಲಿ ಬೆಳಿಗ್ಗೆ ಬೇಗ ಹೊರಡುವುದಿಲ್ಲ. ಇದು ನನಗೆ ಒಪ್ಪಿಗೆ. ನನ್ನ ಸ್ನೇಹಿತನಿಗೆ ಒಪ್ಪಿಗೆ ಆಗಲಿಲ್ಲ, ಅವನು ಸ್ಟೆಂಟ್ ಹಾಕಿಸಿಕೊಂಡ. ಇಬ್ಬರೂ ಒಂದೇ ಡಾಕ್ಟರ್ ಹತ್ತಿರ ತೋರಿಸುತ್ತೇವೆ.

ಒಂದು ಸಲಹೆ. "ನಿಮ್ಮ ಅಪ್ಪ ಆಗಿದ್ದರೆ ಏನು ಮಾಡುತ್ತಿದ್ದಿರಿ ಡಾಕ್ಟ್ರೇ?" ಎಂದು ಎಲ್ಲರೂ ಕೇಳುತ್ತಾರೆ. ಕೇಳಿ, ಆದರೆ ಮೊದಲೇ ಕೇಳಬೇಡಿ. ನಿಮ್ಮ ಅಪ್ಪನ ದಿನ ಹೇಗಿದೆ ಅಂತ ಹೇಳಿದ ಮೇಲೆ ಕೇಳಿ. ಇಲ್ಲದಿದ್ದರೆ ಅವರು ಅವರ ಅಪ್ಪನ ಬಗ್ಗೆ ಉತ್ತರ ಕೊಡುತ್ತಾರೆ.

—

ತೋಟದ_ದಾರಿ:

ಎಲ್ಲರಿಗೂ ಧನ್ಯವಾದ. ಹೋಗಿ ಬಂದೆವು, ಅದಕ್ಕೇ ತಡವಾಗಿ ಬರೆಯುತ್ತಿದ್ದೇನೆ.

ಮೊದಲು ಅಪ್ಪನಿಗೆ ಎಲ್ಲಾ ಹೇಳಿದೆವು. ಅಣ್ಣನೂ ಜೊತೆಗೆ ಕೂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟೇನಾ? ನೀವು ಮುಖ ಮುಖ ನೋಡಿಕೊಳ್ಳುವುದು ಕಂಡು ನಾನು ಕ್ಯಾನ್ಸರ್ ಅಂದುಕೊಂಡಿದ್ದೆ" ಎಂದರು. ಅಮ್ಮ ಅತ್ತುಬಿಟ್ಟರು. ಆಮೇಲೆ ಸಿಸ್ಟರ್ ಹೇಳಿದ ಹಾಗೆ ಕೇಳಿದೆ. ನಮಗೆ ಗೊತ್ತೇ ಇಲ್ಲದ ಎರಡು ವಿಷಯ ಹೊರಗೆ ಬಂತು. ಒಂದು, ಅಡಿಕೆ ಕೊಯ್ಲು ಮುಗಿಯುವ ತನಕ ಆಸ್ಪತ್ರೆಯಲ್ಲಿ ಮಲಗುವುದು ಅವರಿಗೆ ಬೇಡ. ಮರ ಹತ್ತುವವರು ಸಿಗುವುದೇ ಕಷ್ಟ, ಅವರು ಬರುವ ದಿನ ತಾವು ಅಂಗಳದಲ್ಲಿ ಇರಲೇಬೇಕು. ಎರಡು, ಪ್ರಾಸ್ಟೇಟ್ ತೊಂದರೆಗೆ ಆಪರೇಷನ್ ಬೇಕಾಗಬಹುದು ಅಂತ ಬೇರೆ ಡಾಕ್ಟರ್ ಹೇಳಿದ್ದರಂತೆ. ಯಾರಿಗೂ ಹೇಳಿರಲಿಲ್ಲ, ರಾತ್ರಿ ಐದಾರು ಸಲ ಏಳುವುದೇ ಅವರಿಗೆ ಎದೆನೋವಿಗಿಂತ ಜಾಸ್ತಿ ಹಿಂಸೆ!

ಸಿಡಿ ತೆಗೆದುಕೊಂಡು ಇನ್ನೊಬ್ಬ ಹೃದ್ರೋಗ ತಜ್ಞರ ಹತ್ತಿರ ಹೋದೆವು. ಓಪಿಡಿ ಕೊನೆಯಲ್ಲಿ ಟೈಮ್ ಕೊಡಿ ಅಂತ ಕೇಳಿಕೊಂಡಿದ್ದೆ, ಕೊಟ್ಟರು. ಪ್ರಶ್ನೆ ಬರೆದ ಚೀಟಿ ಅಪ್ಪನ ಕೈಲೇ ಇತ್ತು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಓದಿ ಕೇಳಿದರು, ಡಾಕ್ಟರ್ ನಮ್ಮ ಕಡೆ ನೋಡದೆ ಅವರಿಗೇ ಉತ್ತರ ಕೊಟ್ಟರು. ಲೆಫ್ಟ್ ಮೇನ್ ಸರಿ ಇದೆ. ಇರುವುದು ಒಂದೇ ನಾಳದಲ್ಲಿ. ಎರಡೂ ದಾರಿ ಇದೆ, ಎರಡೂ ತಪ್ಪಲ್ಲ ಎಂದರು. ಪ್ರಾಸ್ಟೇಟ್ ವಿಷಯ ಕೇಳಿ, "ಇದು ಮೊದಲೇ ಗೊತ್ತಾಗಿದ್ದು ಒಳ್ಳೆಯದಾಯಿತು" ಎಂದು ಆ ಡಾಕ್ಟರ್ ಹತ್ತಿರ ತಾವೇ ಮಾತಾಡುವುದಾಗಿ ಹೇಳಿದರು.

ಅಪ್ಪನ ತೀರ್ಮಾನ: ಈಗ ಮಾತ್ರೆ. ಹೃದಯ ಬಡಿತ, ಬಿಪಿ ಇಳಿಸುವ ಮೆಟೊಪ್ರೊಲಾಲ್ ಹೊಸದಾಗಿ ಸೇರಿಸಿದ್ದಾರೆ, ಸ್ಟ್ಯಾಟಿನ್ ಡೋಸ್ ಜಾಸ್ತಿ ಮಾಡಿದ್ದಾರೆ. ಯಾವ ದಿನ, ಏನು ಮಾಡುವಾಗ ಬಿಗಿತ ಬಂತು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯಬೇಕು. ಕೊಯ್ಲು ಮುಗಿದ ಮೇಲೆ ಅದನ್ನು ತೆಗೆದುಕೊಂಡು ಹೋಗಿ ಮತ್ತೆ ಕೂತು ಮಾತಾಡುವುದು, ಏರು ಹತ್ತಲು ಆಗುತ್ತಿಲ್ಲ ಎಂದಾದರೆ ಆಗ ಸ್ಟೆಂಟ್. ಅಣ್ಣನಿಗೆ ಪೂರ್ತಿ ಸಮಾಧಾನ ಇಲ್ಲ, ಆದರೆ ಅಪ್ಪನೇ ಹೇಳಿದ ಮೇಲೆ ಸುಮ್ಮನಾಗಿದ್ದಾನೆ. ನನಗೂ ಭಯ ಪೂರ್ತಿ ಹೋಗಿಲ್ಲ.

ಒಂದು ಕೇಳಲು ಮರೆತೆವು. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಕೊಟ್ಟಿದ್ದಾರೆ. ಇಟ್ಟರೂ ನೋವು ಹೋಗದಿದ್ದರೆ ಎಷ್ಟು ಹೊತ್ತು ಕಾಯಬೇಕು?

—

ಹಳ್ಳಿ_ಹೃದ್ರೋಗ_ವೈದ್ಯ:

ಕಾಯಬೇಡಿ. ನೋವು ಬಂದ ತಕ್ಷಣ ಕೂರಿಸಿ, ಆಮೇಲೆ ಮಾತ್ರೆ. ನಿಂತುಕೊಂಡು ಇಟ್ಟರೆ ಬಿಪಿ ಇಳಿದು ಬೀಳುತ್ತಾರೆ. ಐದು ನಿಮಿಷದಲ್ಲಿ ಕಡಿಮೆ ಆಗದಿದ್ದರೆ, ಬೆವರು ಬಂದರೆ, ಅಥವಾ ಸುಮ್ಮನೆ ಕೂತಾಗಲೇ ನೋವು ಶುರುವಾದರೆ 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ಆಗ ಸಿಡಿ, ಎರಡನೇ ಅಭಿಪ್ರಾಯ ಯಾವುದೂ ಬೇಡ, ಅಲ್ಲಿನ ಡಾಕ್ಟರ್ ಹೇಳಿದ್ದು ಮಾಡಿ. ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ, ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ಎಂದು ಈಗಲೇ ವಿಚಾರಿಸಿ ಇಟ್ಟುಕೊಳ್ಳಿ. ವಯಾಗ್ರ ತರದ ಮಾತ್ರೆ ತೆಗೆದುಕೊಳ್ಳುವವರು ಸಾರ್ಬಿಟ್ರೇಟ್ ಇಡಬಾರದು, ಪ್ರಾಸ್ಟೇಟ್‌ಗೂ ಆ ಗುಂಪಿನ ಟಡಾಲಫಿಲ್ ಬರೆಯುವುದುಂಟು. ಅಪ್ಪ ನುಂಗುತ್ತಿರುವ ಪ್ರಾಸ್ಟೇಟ್ ಮಾತ್ರೆಯ ಹೆಸರು ಇವತ್ತೇ ಫೋನ್ ಮಾಡಿ ಡಾಕ್ಟರ್‌ಗೆ ಹೇಳಿ.

—

ತೋಟದ_ದಾರಿ:

ಈಗ ಅಪ್ಪನ ಮಾತ್ರೆ ಸ್ಟ್ರಿಪ್ ನೋಡಿದೆ, ಟ್ಯಾಮ್ಸುಲೋಸಿನ್ ಅಂತ ಇದೆ.

—

ಹಳ್ಳಿ_ಹೃದ್ರೋಗ_ವೈದ್ಯ:

ಅದು ಆ ಗುಂಪಿನದ್ದಲ್ಲ. ಆದರೆ ಅದೂ ಬಿಪಿ ಇಳಿಸಬಹುದು, ಈಗ ಮೆಟೊಪ್ರೊಲಾಲ್ ಬೇರೆ ಸೇರಿದೆ. ರಾತ್ರಿ ಎದ್ದಾಗ ಹಾಸಿಗೆ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಲಿ. ತಲೆಸುತ್ತು ಬಂದರೆ ಅದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ, ಮೆಟೊಪ್ರೊಲಾಲ್ ಮಾತ್ರ ನೀವಾಗೇ ನಿಲ್ಲಿಸಬೇಡಿ.